ಎಳೆಯೋದು ಬಿಟ್ಟೆ, ಎತ್ತೋದು ಕಲಿತೆ: ಹಲಸಿನ ದಿಮ್ಮಿ ಸಾಗಿಸಿದ ನನ್ನ ಅನುಭವ

ಹೋದ ವಾರ ನಮ್ಮ ಸಾಮಿಲ್ ಮೇಸ್ತ್ರಿ ಟೇಪು ಹಿಡಿದುಕೊಂಡು ದಿಮ್ಮಿ ಎತ್ತಿ ಸಾಗಿಸೋಕೆ ನಾನು ಮಾಡಿಸಿದ ಎರಡು ಚಕ್ರದ ಗಾಡಿಯ ಸುತ್ತ ಅರ್ಧ ಗಂಟೆ ಓಡಾಡಿದರು. ಚಕ್ರದಿಂದ ಚಕ್ರಕ್ಕೆ ಎಷ್ಟು, ಮೂಕಿ (ಹಿಡಿದು ಎಳೆಯೋ ಕಂಬ) ಎಷ್ಟುದ್ದ, ಪೈಪು ಎಷ್ಟು ದಪ್ಪ ಅಂತ ಒಂದೊಂದೇ ಬರೆದುಕೊಂಡರು. ಎರಡು ವರ್ಷದ ಹಿಂದೆ ಇದೇ ಗಾಡಿ ನೋಡಿ, "ಇದು ಮಕ್ಕಳಾಟದ ಸಾಮಾನು ಸಾರ್, ಇದರಲ್ಲಿ ದಿಮ್ಮಿ ಬರುತ್ತಾ?" ಅಂದಿದ್ದವರು ಅವರೇ. ಮನಸ್ಸಿಗೆ ತುಂಬಾ ಖುಷಿಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಮರಗೆಲಸದ ಶೆಡ್ಡು. ಬಾಗಿಲು, ಊಟದ ಮೇಜು, ದೇವರ ಮಂಟಪ ಮಾಡುತ್ತೇವೆ. ಹಲಸಿನ ಮರ ಅಂದರೆ ನನಗೆ ಪ್ರಾಣ. ಕುಯ್ದ ದಿನ ಅರಿಶಿನದ ಹಾಗಿರುತ್ತೆ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತೆ. ಕುಯ್ದ ಹಲಗೆ ಕೊಂಡರೆ ಚೇಗು (ಒಳಗಿನ ಗಟ್ಟಿ ಮರ) ಎಷ್ಟಿದೆ, ಅದರ ಸುತ್ತಲ ಬಿಳಿ ಮರ ಎಷ್ಟಿದೆ ಅನ್ನೋದು ನಮ್ಮ ಕೈಲಿರಲ್ಲ. ಹಾಗಾಗಿ ದೊಡ್ಡಬಳ್ಳಾಪುರದ ಆಚೆ ತೂಬಗೆರೆ ಸುತ್ತಮುತ್ತಲ ತೋಟಗಳಲ್ಲಿ ಫಸಲು ನಿಂತ ಹಳೇ ಮರ ನೋಡಿ ನಾನೇ ಕೊಳ್ಳಲು ಶುರು ಮಾಡಿದೆ. ಕುಯ್ಯಿಸೋದು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ. ದಾರಿ 60 ಕಿಲೋಮೀಟರ್ ಮೇಲೆ. ಆದರೆ ಆ 60 ಕಿಲೋಮೀಟರ್ ಯಾವತ್ತೂ ಕಷ್ಟ ಆಗಿಲ್ಲ. ಕಷ್ಟ ಇದ್ದದ್ದು ಮರ ಬಿದ್ದ ಜಾಗದಿಂದ ಪಿಕಪ್ ನಿಲ್ಲೋ ಜಾಗದವರೆಗಿನ ಮುನ್ನೂರು ಅಡಿ.

ಕಾಗದಪತ್ರದ ವಿಷಯ ನಿಮಗೆಲ್ಲ ಗೊತ್ತಿರೋದೇ. ಮರದ ಜಾತಿ ನೋಡಿ ಕಡಿಯೋ ಅನುಮತಿ, ಸಾಗಿಸೋ ಪಾಸು ಮೊದಲೇ ಕೈಲಿರಬೇಕು. ಅದಿಲ್ಲದೆ ನಾನು ಗರಗಸ ಮುಟ್ಟಲ್ಲ.

ಮೊದಲ ಲೋಡು ಎಲ್ಲರ ಹಾಗೇ ಮಾಡಿದೆ. ಜೆಸಿಬಿ ಕರೆಸಿ, ಚೈನು ಹಾಕಿ, ದರದರ ಎಳೆಸಿದೆ. ತೋಟದವರ ಹಿಪ್ಪುನೇರಳೆ ಎರಡು ಸಾಲು ಹೋಯಿತು, ಡ್ರಿಪ್ ಪೈಪು ಹರಿಯಿತು. ಯಜಮಾನರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಟೀ ಮಾತ್ರ ಕೊಡಲಿಲ್ಲ. ನಾನೇ ಲೆಕ್ಕ ಹಾಕಿ ನಾಲ್ಕು ಸಾವಿರ ಕೊಟ್ಟು ಬಂದೆ. ಜೆಸಿಬಿಗೆ ಹತ್ತಿರ ಹತ್ತಿರ ನಾಲ್ಕು ಸಾವಿರ, ಹಮಾಲಿಗಳಿಗೆ ಮೂರು, ಪಿಕಪ್ ಬಾಡಿಗೆ ನಾಲ್ಕೂವರೆ. ಅಷ್ಟಕ್ಕೇ ಮುಗಿಯಲಿಲ್ಲ. ಎಳೆದ ದಿಮ್ಮಿಯ ತೊಗಟೆಯೊಳಗೆ ಕಲ್ಲು ಕೂತಿತ್ತು. ಸಾಮಿಲ್‌ನಲ್ಲಿ ಎರಡನೇ ಸೀಳಿಗೇ ಪಟಪಟ ಅಂತ ಕಿಡಿ ಹಾರಿತು. ಬ್ಯಾಂಡ್ ಸಾ ಬ್ಲೇಡಿನ ಹಲ್ಲು ಹೋಯಿತು, ಅದರ ದುಡ್ಡೂ ನನ್ನ ತಲೆಗೇ ಬಂತು. ನ್ಯಾಯವೇ ಬಿಡಿ.

ಆವತ್ತೇ ತೀರ್ಮಾನ ಮಾಡಿದೆ, ಇನ್ನು ದಿಮ್ಮಿ ನೆಲದ ಮೇಲೆ ಉಜ್ಜಬಾರದು.

ಎರಡನೇ ಲೋಡಿಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ದಿಮ್ಮಿಯ ಮೂತಿಗೆ ಟೋಪಿ ಹಾಕಿದ ಹಾಗೆ ಹಾಕಿ ಹೊಲ ಉಳೋ ಪವರ್ ಟಿಲ್ಲರ್‌ಗೆ ಕಟ್ಟಿದೆ. ಮೂತಿ ನೆಲಕ್ಕೆ ಕಚ್ಚದೆ ಚೆನ್ನಾಗೇ ಜಾರಿತು. ಮೂರನೇ ದಿಮ್ಮಿಗೆ ಡ್ರಮ್ಮು ಸೀಳಿಹೋಯಿತು. ತೆಳ್ಳಗಿನ ದಿಮ್ಮಿ, ಹುಲ್ಲಿನ ನೆಲ ಇದ್ದರೆ ಈ ಉಪಾಯ ಈಗಲೂ ಸಾಕು. ಆದರೆ ಹಿಂದಿನ ಭಾಗ ಉಜ್ಜೋದು ತಪ್ಪಲ್ಲ, ಕಲ್ಲು ಅಲ್ಲಿ ಸೇರಿಕೊಳ್ಳುತ್ತೆ.

ಇದೇ ಹೊತ್ತಲ್ಲಿ ತೂಕದ ಪಾಠವೂ ಆಯಿತು. ನಾವು ಅಳೆಯೋದು ಸುತ್ತಳತೆಯ ಕಾಲು ಭಾಗದ ಲೆಕ್ಕದಲ್ಲಿ, ಅಲ್ವಾ? ನಾಲ್ಕಡಿ ಸುತ್ತು, ಎಂಟಡಿ ಉದ್ದ ಅಂದರೆ ಸುತ್ತಿನ ಕಾಲು ಭಾಗ ಒಂದಡಿ, 1 × 1 × 8, ಒಟ್ಟು 8 ಸಿಎಫ್‌ಟಿ (ಘನ ಅಡಿ). ವ್ಯಾಪಾರಕ್ಕೆ ಅದು ಸರಿ. ಆದರೆ ನಿಜವಾಗಿ ಅದರಲ್ಲಿ ಇರೋದು 10ಕ್ಕಿಂತ ಸ್ವಲ್ಪ ಜಾಸ್ತಿ. ಟೇಪಿನ ಲೆಕ್ಕಕ್ಕಿಂತ ಕಾಲು ಭಾಗಕ್ಕೂ ಮೇಲೆ ಮರ ಗಾಡಿಯಲ್ಲಿ ಕೂತಿರುತ್ತೆ, ಅದೂ ಹಸಿ ಮರ. ನಾನು ಇದನ್ನೆಲ್ಲ ಯೋಚಿಸದೆ, ಸಿಎಫ್‌ಟಿಗೆ 28 ಕೆಜಿ ಅಂದುಕೊಂಡು, 62 ಸಿಎಫ್‌ಟಿ ತುಂಬಿಸಿದೆ. ರಾಜಾನುಕುಂಟೆ ಹತ್ತಿರ ಪಿಕಪ್‌ನ ಹಿಂದಿನ ಸ್ಪ್ರಿಂಗ್ ಪಟ್ಟಾ ಕಟ್ಟಾಯಿತು. ವೇಬ್ರಿಡ್ಜ್‌ನಲ್ಲಿ ನೋಡಿದರೆ ಬರೀ ಮರವೇ 2.2 ಟನ್ ಮೇಲಿತ್ತು. 1.7 ಟನ್ನಿನ ಗಾಡಿ ಅದು. ಡ್ರೈವರ್ ತಮ್ಮನಿಗೆ ಪಟ್ಟಾ ಹಾಕಿಸಿಕೊಟ್ಟೆ. ಈಗ ಹಸಿ ಹಲಸಿಗೆ ಟೇಪಿನ ಸಿಎಫ್‌ಟಿಗೆ 36 ಕೆಜಿ ಅಂತ ಹಿಡಿಯುತ್ತೇನೆ, 45 ಸಿಎಫ್‌ಟಿ ಮೇಲೆ ಒಂದು ತುಂಡೂ ಹತ್ತಿಸಲ್ಲ.

ಇನ್ನು ನಾನು ಮಾಡಿಸಿದ ಗಾಡಿಯ ಕಥೆ. ಎರಡು ಚಕ್ರ, ಮೇಲೆ ಕಮಾನು, ಮುಂದಕ್ಕೆ ಉದ್ದ ಮೂಕಿ. ಮೂಕಿ ಮೇಲೆತ್ತಿದರೆ ಕಮಾನಿನ ಕೊಕ್ಕೆ ಕೆಳಗಿಳಿಯುತ್ತೆ. ಅದಕ್ಕೆ ದಿಮ್ಮಿ ಕಟ್ಟಿ ಮೂಕಿ ಕೆಳಗೆಳೆದರೆ ದಿಮ್ಮಿ ನೆಲ ಬಿಟ್ಟು ಏಳುತ್ತೆ. ಸನ್ನೆಗೋಲಿನ ಕೆಲಸ ಅಷ್ಟೆ. ಊರಿನ ಹುಡುಗರು ಇದಕ್ಕೆ ಬಿಲ್ಲುಗಾಡಿ ಅಂತ ಹೆಸರಿಟ್ಟಿದ್ದಾರೆ.

ಮೊದಲ ಬಿಲ್ಲುಗಾಡಿಗೆ ಒಂದೂವರೆ ಇಂಚು ಪೈಪು ಹಾಕಿಸಿದ್ದೆ, ಸ್ಕೂಟರ್ ಚಕ್ರ. ಹನ್ನೊಂದು ಸಾವಿರ ಮಣ್ಣುಪಾಲು. ಐದಡಿ ಸುತ್ತಿನ ದಿಮ್ಮಿಗೆ ಕಮಾನು ಬಾಳೆದಿಂಡಿನ ಹಾಗೆ ಬಾಗಿತು. ಎರಡನೆಯದಕ್ಕೆ ಪೈಪು ಸರಿ ಮಾಡಿಸಿದೆ, ಅಗಲ ಕಡಿಮೆ ಇಟ್ಟೆ. ಬದು ದಾಟುವಾಗ ಅಡ್ಡ ಮಗುಚಿತು. ಅದೇ ಗಾಡಿಯಲ್ಲಿ ನನಗೆ ಪೆಟ್ಟೂ ಬಿತ್ತು. ಸೋನೆ ಅಂಟದಿರಲಿ ಅಂತ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದೆ. ದಿಮ್ಮಿ ಎತ್ತಿ ಮೂಕಿ ಅದುಮಿ ಹಿಡಿದಿದ್ದಾಗ ಎಣ್ಣೆ ಕೈ ಜಾರಿತು. ಮೂಕಿ ಚಿಮ್ಮಿ ಗದ್ದಕ್ಕೆ ಬಡಿಯಿತು. ನಾಲ್ಕು ಹೊಲಿಗೆ. ಮನೆಯಲ್ಲಿ ಒಂದು ತಿಂಗಳು ಆ ಗಾಡಿಯ ಮಾತೆತ್ತೋ ಹಾಗಿರಲಿಲ್ಲ. ನೀವು ಯಾರೇ ಮಾಡಿದರೂ ಇದೊಂದು ಮಾತ್ರ ಮರೆಯಬೇಡಿ: ದಿಮ್ಮಿ ಎದ್ದ ತಕ್ಷಣ ಮೂಕಿಯನ್ನು ಹಗ್ಗದಲ್ಲಿ ದಿಮ್ಮಿಗೇ ಬಿಗಿದು ಕಟ್ಟಿ, ಆಮೇಲೆ ಕೈ ಬಿಡಿ. ಮೂಕಿಯ ನೇರಕ್ಕೆ ಮುಖ ಇಡಬೇಡಿ.

ಮೂರನೆಯದು ಗೆದ್ದಿತು. ಎರಡೂವರೆ ಇಂಚಿನ ದಪ್ಪ ಪೈಪು, ಪೀಣ್ಯದಲ್ಲಿ ಬೆಂಡು ಮಾಡಿಸಿ ವೆಲ್ಡಿಂಗ್ ಹಾಕಿಸಿದ್ದು. ಚಕ್ರ ಮತ್ತು ಹಬ್ಬು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಹಳೇ ಜೀಪಿನದು, 16 ಇಂಚು. ಚಕ್ರದಿಂದ ಚಕ್ರಕ್ಕೆ ನಾಲ್ಕೂವರೆ ಅಡಿ. ಮೂಕಿ ಒಂಬತ್ತಡಿ. ಒಂದು ಟನ್ ಎತ್ತೋ ಚೈನ್ ಬ್ಲಾಕು (ಸರಪಳಿ ರಾಟೆ) ಎಸ್‌ಜೆಪಿ ರಸ್ತೆಯಿಂದ ತಂದೆ. ಎಲ್ಲ ಸೇರಿ ಇಪ್ಪತ್ತೇಳೋ ಇಪ್ಪತ್ತೆಂಟೋ ಸಾವಿರ. ಚಕ್ರದ ಅಚ್ಚಿನಿಂದ ಕೊಕ್ಕೆಗೆ ಒಂದಡಿ ದೂರ ಇಟ್ಟಿದ್ದೇನೆ. ಹಾಗಾಗಿ 300 ಕೆಜಿ ದಿಮ್ಮಿಗೆ ಮೂಕಿಯ ತುದಿಯಲ್ಲಿ 35-40 ಕೆಜಿ ಭಾರ ಹಾಕಿದರೆ ಸಾಕು. ಆರಡಿ ಸುತ್ತಿನದಾದರೆ 650 ಕೆಜಿ ಹತ್ತಿರ ಬರುತ್ತೆ, ಅದಕ್ಕೆ ಚೈನ್ ಬ್ಲಾಕೇ ಬೇಕು.

ಹಿಡಿಯೋ ಜಾಗ ಮುಖ್ಯ. ಅಳೆದು ನಡುವೆ ಕಟ್ಟಿದರೆ ಬುಡ ಕೆಳಗೆ ಕುಸಿಯುತ್ತೆ. ಎಂಟಡಿ ದಿಮ್ಮಿಗೆ ಬುಡದಿಂದ ಮೂರೂವರೆ ಅಡಿ ಅಂತ ಶುರು ಮಾಡಿ, ಒಂದೆರಡು ಸಲ ಎತ್ತಿ ಇಳಿಸಿ ನೋಡಿ. ಸಮ ನೆಲದಲ್ಲಿ ಪೂರ್ತಿ ತೇಲಿಸಿಕೊಂಡು ಹೋಗಿ. ಇಳಿಜಾರಿನಲ್ಲಿ ಮಾತ್ರ ಹಿಂದಿನ ತುದಿ ನೆಲಕ್ಕೆ ತಾಗುವಷ್ಟು ಇಳಿಸಬೇಕು, ಅದೇ ಬ್ರೇಕು. ಉಜ್ಜಿದ ಆ ಗೇಣುದ್ದ ತುದಿಯನ್ನು ಸಾಮಿಲ್‌ಗೆ ಹೋಗೋ ಮೊದಲು ಕೆತ್ತಿಬಿಡುತ್ತೇನೆ. ದಾರಿಯಲ್ಲಿ ದಿಮ್ಮಿ ತಿರುಚದ ಹಾಗೆ ಕಟ್ಟೋ ಒಂದು ಗಂಟಿದೆ. ಅದನ್ನು ಕಲಿಯೋಕೆ ನನಗೆ ಎಂಟು ತಿಂಗಳು ಹಿಡಿಯಿತು, ಇಲ್ಲಿ ಬರೆಯಲ್ಲ.

ಮೊದಲ ಸಲ ಮೂರನೇ ಗಾಡಿ ಇಳಿಸಿದಾಗ ಪಕ್ಕದ ತೋಟದ ಅಜ್ಜ ಬೇಲಿ ಹತ್ತಿರ ನಿಂತು, "ಏನಣ್ಣಾ, ಇದ್ರಲ್ಲಿ ಮರ ಬತ್ತದಾ?" ಅಂತ ಕೇಳಿದರು. ನಾನೂ ನಮ್ಮ ಹುಡುಗನೂ ಇಬ್ಬರೇ ಒಂದು ದಿಮ್ಮಿ ಎತ್ತಿದೆವು. ಡ್ರಿಪ್ ಪೈಪಿನ ಮೇಲೆ ಎರಡು ಹಲಗೆ ಹಾಸಿ ಚಕ್ರ ದಾಟಿಸಿದೆವು. ಪೈಪಿಗೆ ಒಂದು ಗೀರೂ ಬೀಳಲಿಲ್ಲ. ಅಜ್ಜ ಮಾತಾಡದೆ ಒಳಗೆ ಹೋಗಿ ಎರಡು ಎಳನೀರು ತಂದರು. ಮುಂದಿನ ತಿಂಗಳು ಅವರದೇ ಮೂರು ಮರ ನನಗೆ ಕೊಟ್ಟರು, ಬೇರೆಯವರು ಜಾಸ್ತಿ ಬೆಲೆ ಹೇಳಿದ್ದರೂ.

ದಿಮ್ಮಿಯನ್ನು ಪಿಕಪ್‌ಗೆ ಹತ್ತಿಸೋದು ಹೀಗೆ: ಪಿಕಪ್‌ನ ಪಕ್ಕದ ಬಾಗಿಲು ಇಳಿಸಿ, ಎರಡು ನೀಲಗಿರಿ ಕಂಬ ಒರಗಿಸಬೇಕು. ಎರಡು ಹಗ್ಗದ ಒಂದು ತುದಿ ಪಿಕಪ್‌ಗೆ ಕಟ್ಟಿ, ದಿಮ್ಮಿಯ ಕೆಳಗಿಂದ ಸುತ್ತಿ, ಮೇಲಿಂದ ಆಚೆ ಬದಿಗೆ ತಂದು ಟಿಲ್ಲರ್‌ನಲ್ಲಿ ನಿಧಾನ ಎಳೆಸಬೇಕು. ದಿಮ್ಮಿಯೇ ರಾಟೆಯ ಕೆಲಸ ಮಾಡುತ್ತೆ, ಅರ್ಧ ಬಲ ಸಾಕು. ದಿಮ್ಮಿಯ ಕೆಳಗೆ ಯಾರೂ ನಿಲ್ಲಬಾರದು. ಮೊದಲ ಸಲ ಪಿಕಪ್ ವಾಲಿ ಆಚೆ ಚಕ್ರ ಗಾಳಿಯಲ್ಲಿ ಎದ್ದಿತು, ಎದೆ ಝಲ್ ಅಂತು. ಈಗ ಹತ್ತಿಸೋ ಬದಿಯ ಚಾಸಿ ಕೆಳಗೆ ಮರದ ತುಂಡು ಕೊಡುತ್ತೇನೆ. ಬುಡ ದಪ್ಪ ಇರೋದರಿಂದ ಒಂದೇ ಸುತ್ತಿಗೆ ಜಾಸ್ತಿ ದೂರ ಉರುಳಿ ದಿಮ್ಮಿ ಓರೆಯಾಗುತ್ತೆ. ಅದನ್ನು ಸರಿ ಮಾಡೋ ಉಪಾಯ ಹಗ್ಗದಲ್ಲೇ ಇದೆ. ಅದೂ ನನ್ನ ಹೊಟ್ಟೆಪಾಡು, ಕ್ಷಮಿಸಿ.

ಈಗ ಟಿಲ್ಲರ್‌ಗೆ ಸಾವಿರದ ಇನ್ನೂರು, ಇಬ್ಬರು ಆಳಿಗೆ ಸಾವಿರದ ಎಂಟುನೂರು, ಪಿಕಪ್‌ಗೆ ಅದೇ ನಾಲ್ಕೂವರೆ. ಏಳೂವರೆ ಸಾವಿರದಲ್ಲಿ ಲೋಡು ಮಿಲ್ಲಿನ ಅಂಗಳದಲ್ಲಿರುತ್ತೆ. ಮೊದಲು ಹನ್ನೊಂದು ದಾಟುತ್ತಿತ್ತು, ತೋಟದವರಿಗೆ ಕಟ್ಟಿಕೊಟ್ಟಿದ್ದು ಬೇರೆ. ಎಂಟು ಲೋಡಿಗೆ ಗಾಡಿಯ ದುಡ್ಡು ವಾಪಸ್ ಬಂತು. ಬ್ಲೇಡಿನ ದಂಡ ಆಮೇಲೆ ಒಂದೇ ಸಲ ಕಟ್ಟಿದ್ದೇನೆ, ಅದೂ ಮರದೊಳಗೆ ಹುದುಗಿದ್ದ ಹಳೇ ಬೇಲಿ ತಂತಿಗೆ. ಅದಾದ ಮೇಲೆ ಕೈಯಲ್ಲಿ ಹಿಡಿಯೋ ಮೆಟಲ್ ಡಿಟೆಕ್ಟರ್ ತಗೊಂಡೆ. ಬುಡದ ಕಡೆಯ ನಾಲ್ಕಡಿ ತಪ್ಪದೆ ಆಡಿಸಿ ನೋಡುತ್ತೇನೆ.

ನಡುವೆ ಇನ್ನೊಂದು ಪ್ರಯೋಗ. ಮಾವಿಗೆ ಹುಳ ಬೇಗ ಹಿಡಿಯುತ್ತೆ ಅಂತ ಎರಡು ದಿಮ್ಮಿಯನ್ನು ಒಬ್ಬರ ಕೃಷಿ ಹೊಂಡದಲ್ಲಿ ಮೂರು ತಿಂಗಳು ಮುಳುಗಿಸಿಟ್ಟೆ. ಹುಳ ಹತ್ತಲಿಲ್ಲ. ನೀರು ಕಪ್ಪಾಗಿ ನಾತ ಹೊಡೆಯಿತು, ಮತ್ತೆ ಕೇಳೋ ಮುಖ ಉಳಿಯಲಿಲ್ಲ. ಹಲಸಿನ ತುದಿಗಳಿಗೆ ಒಂದು ಕಡೆ ಸಗಣಿ, ಒಂದು ಕಡೆ ಹಳೇ ಪೇಂಟು ಬಳಿದೂ ನೋಡಿದೆ. ಪೇಂಟಿನ ಕಡೆ ಬಿರುಕು ಕಡಿಮೆ. ಆದರೆ ಕಡಿದ ದಿನವೇ ಬಳಿಯಬೇಕು, ಮಾರನೇ ದಿನ ಬಳಿದರೆ ಸುಮ್ನೆ ದಂಡ. ಕುಳ್ಳಗೆ ದಪ್ಪಗೆ ಉಳಿದ ಬುಡದ ತುಂಡುಗಳನ್ನು ಸೌದೆಗೆ ಹಾಕಬೇಡಿ. ಮೃದಂಗಕ್ಕೆ ಹಲಸೇ ಬೇಕು. ಬಿರುಕಿಲ್ಲದ ಎರಡು ತುಂಡಿಗೆ ನನಗೆ ಹಲಗೆಗಿಂತ ಒಳ್ಳೇ ಬೆಲೆ ಬಂತು.

ಮಾಗಡಿ ಕಡೆ ಒಂದು ಹುಣಸೆ ಮರ ನೋಡಿ ಬಂದಿದ್ದೇನೆ. ಬುಡದ ಸುತ್ತು ಒಂಬತ್ತಡಿ. ಎಂಟಡಿ ತುಂಡು ಮಾಡಿದರೆ ಒಂದೊಂದೂ ಒಂದೂವರೆ ಟನ್ ಆಗುತ್ತೆ, ನನ್ನ ಗಾಡಿಗೆ ಆಗಲ್ಲ. ನಾಲ್ಕಡಿಗೆ ಕತ್ತರಿಸಿದರೆ ಮೇಜಿನ ಹಲಗೆಗೆ ಉದ್ದ ಸಾಲದು. ಮೇಸ್ತ್ರಿ ಬರೆದುಕೊಂಡು ಹೋದ ಅಳತೆಯಲ್ಲಿ ಅವರೂ ಒಂದು ಗಾಡಿ ಮಾಡಿಸುತ್ತಿದ್ದಾರಂತೆ. ಬುಡಕ್ಕೊಂದು, ತುದಿಗೊಂದು ಎರಡೂ ಗಾಡಿ ಕಟ್ಟಿ ಎತ್ತೋಣ, ಎರಡಕ್ಕೂ ಎರಡು ಟನ್ನಿನ ಚೈನ್ ಬ್ಲಾಕ್ ಹಾಕಿಸೋಣ ಅಂತ ಮಾತಾಡಿಕೊಂಡಿದ್ದೇವೆ. ಪಾಸು ಬಂದ ಮೇಲೆ, ಮಳೆ ಶುರುವಾಗೋ ಮೊದಲು.