ಕೂದಲು ಕಸಿ: ವೈದ್ಯರ ಆಯ್ಕೆಯಿಂದ ಆರೈಕೆಯವರೆಗೆ

ದಾವಣಗೆರೆಯಲ್ಲಿದ್ದುಕೊಂಡು ಬೆಂಗಳೂರಿನ ಕ್ಲಿನಿಕ್ಕಿಗೆ ಮುಂಗಡ ಕಟ್ಟುವ ಮೊದಲು, ಊರಿನಲ್ಲೇ ಒಬ್ಬ ಚರ್ಮರೋಗ ತಜ್ಞರಿಂದ ಕೂದಲು ಉದುರುವ ಕಾರಣವನ್ನು ಖಚಿತಪಡಿಸಿಕೊಳ್ಳಬೇಕು. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ ಅಥವಾ ಜ್ವರದ ನಂತರದ ಉದುರುವಿಕೆಗೆ ಕಸಿ ಮದ್ದಲ್ಲ.

ಶಸ್ತ್ರಚಿಕಿತ್ಸಕರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದಾರೆಯೇ, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರೇ ಎಂಬುದನ್ನು ನೋಡುವುದರ ಜೊತೆಗೆ, ತಲೆಯ ಹಿಂಭಾಗದಿಂದ ಕೂದಲ ಬೇರುಗಳನ್ನು ತೆಗೆಯುವವರು, ಅವನ್ನು ನೆಡಲು ಬೋಳಾದ ಜಾಗದಲ್ಲಿ ರಂಧ್ರ ಮಾಡುವವರು ಯಾರು ಎಂದು ನೇರವಾಗಿ ಕೇಳಿ. ಹೆಸರು ವೈದ್ಯರದು, ಕೈ ತಂತ್ರಜ್ಞರದು ಎಂಬ ಕ್ಲಿನಿಕ್ಕುಗಳು ಕಡಿಮೆಯೇನಿಲ್ಲ. ತಲೆಯ ಹಿಂಭಾಗದ ಬೇರುಗಳು ಸೀಮಿತ. ಒಮ್ಮೆ ತೆಗೆದದ್ದು ಅಲ್ಲಿ ಮತ್ತೆ ಬೆಳೆಯದು. ಆದ್ದರಿಂದ ಇಪ್ಪತ್ತೆರಡರ ಹುಡುಗನಿಗೆ ಹಣೆಯ ಕೆಳಗಿನವರೆಗೂ ದಟ್ಟ ಕೂದಲಿನ ಭರವಸೆ ಕೊಡುವವರಿಗಿಂತ, ಸದ್ಯಕ್ಕೆ ಬೇಡ ಎನ್ನುವವರೇ ನನ್ನ ದೃಷ್ಟಿಯಲ್ಲಿ ನಂಬಲರ್ಹರು.

ಶಸ್ತ್ರಚಿಕಿತ್ಸೆಯಾದ ರಾತ್ರಿಯೇ ಬಸ್ಸು ಹತ್ತಿ ಸೀಟಿಗೆ ತಲೆ ಒರಗಿಸಬೇಡಿ. ಸುಮಾರು 10 ದಿನ ಉಜ್ಜುವುದು, ಕೆರೆಯುವುದು ಬೇಡ. ಹೆಲ್ಮೆಟ್ ಬೇಕಾದ ಬೈಕ್ ಸವಾರಿಯನ್ನು ವೈದ್ಯರು ಒಪ್ಪುವವರೆಗೆ ಬಿಡಿ. ನೆಟ್ಟ ಕೂದಲು ಮೊದಲ ವಾರಗಳಲ್ಲಿ ಉದುರುವುದು ಸಹಜ. ಹೊಸ ಕೂದಲು 3–4 ತಿಂಗಳಿಗೆ ಮೂಡತೊಡಗುತ್ತದೆ, ಪೂರ್ಣ ಫಲಕ್ಕೆ ಒಂದು ವರ್ಷವಾದರೂ ಬೇಕು. ಕೀವು, ಜ್ವರ, ಹೆಚ್ಚುವ ನೋವು ಕಂಡರೆ ಕಾಯಬೇಡಿ.

ಕಸಿಯು ಹಳೆಯ ಕೂದಲನ್ನು ಉಳಿಸದು. ಅದಕ್ಕೆ ಮಿನಾಕ್ಸಿಡಿಲ್, ಗಂಡಸರಿಗೆ ಫಿನಾಸ್ಟರೈಡ್ ಎಂಬ ಔಷಧಗಳಿವೆ, ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ. ಫಿನಾಸ್ಟರೈಡ್‌ನಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು, ಮನಸ್ಸು ಕುಸಿಯಬಹುದು. ಮೆಡಿಕಲ್ ಅಂಗಡಿಯವರ ಮಾತಿನ ಮೇಲೆ ಅದನ್ನು ಆರಂಭಿಸಬೇಡಿ.