ತೊಟ್ಟಿಲಲ್ಲಿ ಕೂತ ಜನರೇಟರ್

ಪೆಟ್ರೋಲ್ ಜನರೇಟರನ್ನು ಬೋಟಿಗೆ ಏರಿಸಿದ ದಿನ ಮಲ್ಪೆ ಬಂದರಿನ ದಕ್ಕೆಯಲ್ಲಿ ನನಗೆ ಸಿಕ್ಕಿದ ಉಪದೇಶವನ್ನು ತೂಕಕ್ಕೆ ಹಾಕಿ ಮಾರಿದ್ದರೆ ಒಂದು ಟ್ರಿಪ್ಪಿನ ಐಸಿನ ದುಡ್ಡು ಹುಟ್ಟುತ್ತಿತ್ತು. "ಎಂಥ ಮಾರಾಯ, ಬೋಟಲ್ಲೇ ದೀಪಾವಳಿ ಮಾಡ್ಲಿಕ್ಕುಂಟಾ?" ಅಂದವರು ಒಬ್ಬರು. "ಇನ್ನೊಂದು ಆಲ್ಟರ್ನೇಟರ್ ಹಾಕು, ಸಾಕು" ಅಂದವರು ಹತ್ತು ಜನ. ಎಂಜಿನ್ ತಿರುಗಿದರೆ ಮಾತ್ರ ಬ್ಯಾಟರಿಗೆ ಕರೆಂಟ್ ಕೊಡುವಂಥದ್ದು ಅದು. ಎಂಜಿನ್ನೇ ನಿಂತ ಮೇಲೆ ಆಲ್ಟರ್ನೇಟರ್ ಎರಡಿದ್ದರೇನು, ಇಪ್ಪತ್ತಿದ್ದರೇನು? ಆ ಹತ್ತರಲ್ಲಿ ನಾಲ್ವರು ಈಗ ಟೇಪು ಹಿಡಿದು ಬಂದು ನನ್ನ ಜನರೇಟರಿನ ತೊಟ್ಟಿಲಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಶುರುವಾದದ್ದು 2019ರ ಅಕ್ಟೋಬರಿನಲ್ಲಿ, ಕ್ಯಾರ್ ತೂಫಾನಿನ ಸಮಯದಲ್ಲಿ. ತೂಫಾನಿಗೆ ಎರಡು ದಿನ ಮೊದಲೇ ನಮ್ಮ ಆಲ್ಟರ್ನೇಟರ್ ಸುಟ್ಟಿತ್ತು. ಬ್ಯಾಟರಿಯಲ್ಲೇ ಸುಧಾರಿಸಿಕೊಂಡು ಬಲೆ ಎಳೆಯುತ್ತಿದ್ದೆವು. ಮೊದಲು ಫಿಶ್ ಫೈಂಡರ್ ಸತ್ತಿತು, ಆಮೇಲೆ ಜಿಪಿಎಸ್ ಮಿಣುಕಿತು, ಕೊನೆಗೆ ವೈರ್‌ಲೆಸ್ ಕೂಡ ಮೂಕಾಯಿತು. ಎಲ್ಲರೂ ಕಾರವಾರದ ಕಡೆ ಓಡುತ್ತಿದ್ದಾರೆ ಅನ್ನುವುದು ನಮಗೆ ತಿಳಿದದ್ದು ಪಕ್ಕದ ಬೋಟಿನವರು ಹತ್ತಿರ ಬಂದು ಕೈ ಬೀಸಿ ಕೂಗಿದ ಮೇಲೆ. ಸುವರ್ಣ ತ್ರಿಭುಜ ಅನ್ನುವ ಬೋಟು ಏಳು ಜನರನ್ನು ಹೊತ್ತು ಹೋಗಿ ಕಾಣೆಯಾದದ್ದು 2018ರ ಡಿಸೆಂಬರಿನಲ್ಲಿ. ಅದಕ್ಕಿನ್ನೂ ವರ್ಷ ತುಂಬಿರಲಿಲ್ಲ. ಎರಡು ದಿನ ನಮ್ಮ ಬೋಟಿನಿಂದ ಮಾತಿಲ್ಲದೆ ಮನೆಯಲ್ಲಿ ಏನಾಗಿರಬಹುದು ಅಂತ ನಾನು ಇಲ್ಲಿ ವಿವರಿಸಬೇಕಾಗಿಲ್ಲ. ಕಾರವಾರದಲ್ಲಿ ಲಂಗರು ಹಾಕಿ ಫೋನ್ ಮಾಡಿದರೆ ಆ ಕಡೆಯಿಂದ ಬೈಗುಳ, ಅದರ ಹಿಂದೆಯೇ ಅಳು.

ಮೊದಲು ತಂದದ್ದು ಮದುವೆ ಚಪ್ಪರದ ಲೈಟಿನವರು ಮಾರಿದ ಹಳೇ ಯಂತ್ರ, ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಹದಿನಾಲ್ಕು ಸಾವಿರ ಕೊಟ್ಟ ನೆನಪು. ದಕ್ಕೆಯಲ್ಲಿ ಹಗ್ಗದ ಒಂದೇ ಎಳೆತಕ್ಕೆ ಶುರುವಾಯಿತು. ಅಳಿವೆ ದಾಟಿ ಕಡಲಿಗೆ ಇಳಿದ ಮೇಲೆ ಐದು ನಿಮಿಷ ಓಡುವುದು, ಆರಿ ಹೋಗುವುದು. ಮತ್ತೆ ಎಳೆದರೆ ಮತ್ತೆ ಅಷ್ಟೇ. ಕಾರ್ಬ್ಯುರೇಟರ್ ಬಿಚ್ಚಿದೆ, ಪ್ಲಗ್ ಬದಲಿಸಿದೆ, ಟ್ಯಾಂಕ್ ತೊಳೆದೆ. ದಡಕ್ಕೆ ತಂದರೆ ಯಾವ ದೋಷವೂ ಇಲ್ಲ! ಮೆಕ್ಯಾನಿಕ್ ನನ್ನ ಮುಖ ನೋಡಿ ನಕ್ಕ.

ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಈ ಯಂತ್ರಗಳ ಹೊಟ್ಟೆಯಲ್ಲಿ ಆಯಿಲ್ ಸೆನ್ಸರ್ ಇರುತ್ತದೆ. ಆಯಿಲ್ ಕಮ್ಮಿಯಾದರೆ ಎಂಜಿನ್ ಆರಿಸುವುದು ಅದರ ಕೆಲಸ. ಬೋಟು ಹೊರಳಿದಾಗ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಸೆನ್ಸರ್ ಅದನ್ನು ಬರಿದೆಂದು ತಿಳಿದು ಆರಿಸುತ್ತದೆ. ನಾನು ಮಾಡಿದ್ದು ಎಲ್ಲರೂ ಮಾಡುವ ಬುದ್ಧಿವಂತಿಕೆ: ಸೆನ್ಸರಿನ ವಯರ್ ಕತ್ತರಿಸಿದೆ. ಮೂರು ಟ್ರಿಪ್ಪು ರಾಜನ ಹಾಗೆ ಓಡಿತು. ನಾಲ್ಕನೆಯದರಲ್ಲಿ ನಿಜವಾಗಿಯೂ ಆಯಿಲ್ ಖಾಲಿಯಾಗಿ ಪಿಸ್ಟನ್ ಕಚ್ಚಿ ಕೂತಿತು. ಹದಿನಾಲ್ಕು ಸಾವಿರ ಗುಜರಿಯಲ್ಲಿ ಸಾವಿರದೆಂಟುನೂರಾಯಿತು.

ಅದಕ್ಕಿಂತ ದೊಡ್ಡ ತಪ್ಪು ಹೊಗೆಯದು. ಯಂತ್ರವನ್ನು ಕ್ಯಾಬಿನ್ ಹಿಂದೆ ಕಟ್ಟಿದ್ದೆ. ಬೋಟು ಓಡುವಾಗ ಹೊಗೆ ಹಿಂದಕ್ಕೆ ಹೋಗುತ್ತದೆ, ಸರಿಯೇ. ಆದರೆ ಜನರೇಟರ್ ಬೇಕಾಗುವುದೇ ಬೋಟು ನಿಂತಾಗ. ಎಂಜಿನ್ ನಿಂತ ಬೋಟು ಗಾಳಿಗೆ ಅಡ್ಡಡ್ಡ ತಿರುಗಿ ಕೂರುತ್ತದೆ. ಒಂದು ರಾತ್ರಿ ಹೊಗೆ ಕಿಟಕಿಯಿಂದ ನೇರ ಒಳಗೆ ಹೋಗಿ, ಬೆಳಗಾಗುವಾಗ ಇಬ್ಬರು ಹುಡುಗರಿಗೆ ತಲೆಸಿಡಿತ, ವಾಂತಿ. ಹಿಂದಿನ ರಾತ್ರಿಯ ಬೊಂಡಾಸದ (ಸ್ಕ್ವಿಡ್) ಅಡುಗೆಯ ಮೇಲೆ ತಪ್ಪು ಹಾಕಿದೆವು. ಅಡುಗೆಯವ ಮೂರು ದಿನ ನಮ್ಮೊಂದಿಗೆ ಮಾತಾಡಲಿಲ್ಲ. ಅವನದ್ದೇ ನ್ಯಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಇನ್ನೂ ಎರಡು ಗಂಟೆ ಮಲಗಿದ್ದರೆ ಈ ಬರಹವನ್ನು ಬರೆಯುವ ಮುಖ ನನಗಿರುತ್ತಿರಲಿಲ್ಲ. ಅಂದಿನಿಂದ ಎಡಬಲ ಎರಡೂ ಬದಿಯಲ್ಲಿ ಬ್ರಾಕೆಟ್ ಮಾಡಿಸಿದ್ದೇನೆ. ಗಾಳಿ ಯಾವ ಬದಿಯಿಂದ ಹೊರಗೆ ಹೋಗುತ್ತದೋ ಆ ಬದಿಗೆ ಯಂತ್ರ. ಈಗಿನದು ಇಪ್ಪತ್ತು ಕಿಲೋ ಚಿಲ್ಲರೆ, ಒಬ್ಬನೇ ಎತ್ತಿ ಇಡಬಹುದು. ಕೈಯಲ್ಲಿ ಹೊರುವಂಥದ್ದನ್ನೇ ಯಾಕೆ ತಂದೆ ಅಂತ ಕೇಳಿದವರಿಗೆ ಇದೇ ಉತ್ತರ.

ಇನ್ನು ತೊಟ್ಟಿಲು. ಯಂತ್ರ ಹೊರಳಬಾರದು ಅಂದರೆ ಅದನ್ನು ತೂಗಬೇಕು, ಮಗುವನ್ನು ತೂಗಿದ ಹಾಗೆ. ಮೊದಲ ತೊಟ್ಟಿಲನ್ನು ಬಲೆಯ ಹಗ್ಗದಲ್ಲೇ ಕಟ್ಟಿದೆ, ಉದ್ದಕ್ಕೆ, ಆಳೆತ್ತರದಿಂದ. ಒಂದೇ ಅಲೆಗೆ ಹೋಗಿ ಕಂಬಕ್ಕೆ ಗುದ್ದಿ ಸೈಲೆನ್ಸರ್ ಚಪ್ಪಟೆಯಾಯಿತು. ಉದ್ದ ಹಗ್ಗ ನಿಧಾನಕ್ಕೆ ತೂಗುತ್ತದೆ, ಬೋಟಿನ ಹೊರಳಾಟಕ್ಕೆ ತಾಳ ಸಿಕ್ಕಿದರೆ ಇನ್ನೂ ಜೋರಾಗುತ್ತದೆ. ಎರಡನೆಯದನ್ನು ಪೈಪಿನಲ್ಲಿ ವೆಲ್ಡ್ ಮಾಡಿಸಿದೆ. ಮುಂದೊಂದು ಹಿಂದೊಂದು ಪಿನ್, ಬೋಟಿನ ಉದ್ದಕ್ಕೆ ಸಮಾನಾಂತರವಾಗಿ. ಪಿನ್ನಿನಿಂದ ಯಂತ್ರದ ಭಾರದ ನಡುವಿಗೆ ಒಂದು ಗೇಣು, ಅಷ್ಟೇ. ಗಿಡ್ಡವಿದ್ದಷ್ಟೂ ಅದು ಬೋಟಿನ ಮಾತು ಕೇಳುವುದಿಲ್ಲ, ಭೂಮಿಯ ಮಾತು ಕೇಳುತ್ತದೆ. ಹಿಂದೆಮುಂದೆ ಕುಣಿಯುವುದಕ್ಕೆ ಏನೂ ಮಾಡಿಲ್ಲ, ಸೆನ್ಸರ್ ಅಷ್ಟನ್ನು ಸಹಿಸುತ್ತದೆ. ಅತಿಯಾಗಿ ಓಲಾಡದಂತೆ ಎರಡು ಬದಿಗೆ ಒಂದು ಸಾಮಾನು ತುರುಕಿದ್ದೇನೆ, ದಕ್ಕೆಯಲ್ಲಿ ಎಲ್ಲರ ಕಾಲಡಿಯೂ ಬಿದ್ದಿರುವಂಥದ್ದೇ. ಅದೇನೆಂದು ಆ ನಾಲ್ವರಿಗೂ ಹೇಳಿಲ್ಲ. ಸೈಲೆನ್ಸರಿಗೆ ತೆರೆಯ ನೀರು ನುಗ್ಗದಂತೆ ಮಾಡಿದ್ದನ್ನೂ ಸದ್ಯಕ್ಕೆ ಬಿಟ್ಟುಬಿಡಿ.

ಎರಡನೇ ಯಂತ್ರ ಹೊಸದು, ಎರಡು ಕೆವಿಎ ಆಸುಪಾಸಿನ, ಕರೆಂಟು ಏರಿಳಿಯದ ಇನ್ವರ್ಟರ್ ಜಾತಿ, ಎಪ್ಪತ್ತು ಸಾವಿರ ಚಿಲ್ಲರೆ. ಅದರಲ್ಲಿರುವ ಹನ್ನೆರಡು ವೋಲ್ಟಿನ ತೂತು ನಮ್ಮ ಇಪ್ಪತ್ತನಾಲ್ಕು ವೋಲ್ಟಿನ ಬ್ಯಾಟರಿಗೆ ದಂಡ. ಬೇರೆ ಚಾರ್ಜರ್ ಬೇಕು. ಮೊದಲು ಹಗುರದ ಚಾರ್ಜರ್‌ಗಳನ್ನು ತಂದೆ, ಆ ಹಳೇ ಯಂತ್ರದ ಏರಿಳಿತಕ್ಕೆ ಒಂದು, ಉಪ್ಪಿಗೆ ಇನ್ನೊಂದು, ಹೀಗೆ ಎರಡು ಸುಟ್ಟವು. ಈಗಿರುವುದು ತಾಮ್ರದ ಸುರುಳಿಯ ಭಾರದ ಚಾರ್ಜರ್, ಹದಿನೈದು ಆಂಪಿಯರಿನದು. ಐದಾರು ಗಂಟೆ ಓಡಿಸಿದರೆ ಒಂದು ರಾತ್ರಿಗೆ ವೈರ್‌ಲೆಸ್, ಜಿಪಿಎಸ್, ದೀಪ ಎಲ್ಲಕ್ಕೂ ಸಾಕು. ಪೆಟ್ರೋಲು ಗಂಟೆಗೆ ಅರ್ಧ ಲೀಟರ್, ಹೆಚ್ಚೂ ಕಡಿಮೆ. ಮೂವತ್ತು ಆಂಪಿಯರ್ ಹಾಕಿ ಬೇಗ ಮುಗಿಸುವ ಆಸೆ ನನಗೂ ಇತ್ತು. ಆದರೆ ಆಗ ಬೋಟಿನೊಳಗಿನ ನೀರು ಹೊರಹಾಕುವ ಪಂಪಿಗೆ ಜಾಗ ಉಳಿಯುವುದಿಲ್ಲ. ಅರ್ಧ ಎಚ್‌ಪಿ ಪಂಪು ಶುರುವಾಗುವ ಕ್ಷಣದಲ್ಲಿ ಮೂರು ಪಟ್ಟು ಎಳೆಯುತ್ತದೆ. ಚಾರ್ಜರ್ ಆರಿಸಿ, ಪಂಪ್ ಹಾಕಿ, ಅದು ಹಿಡಿದ ಮೇಲೆ ಮತ್ತೆ ಚಾರ್ಜರ್. ಈ ಕ್ರಮ ತಪ್ಪಿದವನಿಗೆ ನಮ್ಮಲ್ಲಿ ಆ ದಿನ ಪಾತ್ರೆ ತೊಳೆಯುವ ಕೆಲಸ. ಸುಟ್ಟದ್ದು, ಮುರಿದದ್ದು, ವೆಲ್ಡಿಂಗ್ ಎಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ ಹೋಗಿರಬೇಕು. ಹೆಂಡತಿಗೆ ಹೇಳಿದ ಲೆಕ್ಕ ಬೇರೆ.

ನಡುವೆ ಸೋಲಾರ್ ಕೂಡ ನೋಡಿದೆ, ಕ್ಯಾಬಿನ್ ಮೇಲೆ ನೂರು ವಾಟಿನ ಎರಡು ಹಲಗೆ. ಒಂದನ್ನು ಬಲೆಯ ಕಬ್ಬಿಣದ ಕೊಂಡಿ ಒಡೆಯಿತು, ಇನ್ನೊಂದರ ಮೇಲೆ ಹಕ್ಕಿಗಳು ಹಕ್ಕು ಸ್ಥಾಪಿಸಿದವು. ಆಗಸ್ಟಿನಲ್ಲಿ ಸೀಸನ್ ಶುರುವಾಗುವಾಗ ಬಿಸಿಲೇ ಇಲ್ಲ. ಉಳಿದ ಒಂದು ಈಗಲೂ ಮೊಬೈಲ್ ಚಾರ್ಜ್ ಮಾಡುತ್ತದೆ. ಜನರೇಟರಿಗೆ ಗ್ಯಾಸ್ ಕಿಟ್ ಹಾಕುವ ಆಲೋಚನೆಯೂ ಬಂದಿತ್ತು, ಹೇಗೂ ಅಡುಗೆಗೆ ಸಿಲಿಂಡರ್ ಇದೆಯಲ್ಲ. ಸೋರಿದ ಗ್ಯಾಸು ಕೆಳಗಿಳಿದು ಎಂಜಿನ್ ರೂಮಿನ ತಳದಲ್ಲಿ ಕೂರುತ್ತದೆ ಅನ್ನುವುದು ನೆನಪಾಗಿ ಬಿಟ್ಟೆ. ಎಲ್ಲಕ್ಕಿಂತ ಯಶಸ್ವಿಯಾದ ಪ್ರಯೋಗ ಮಿಕ್ಸಿಯದು. ಬೋಟಿನಲ್ಲೇ ಕಾಯಿ ಅರೆದು ಮಾಡಿದ ಬಂಗುಡೆ ಗಸಿ ಉಂಡ ಮೇಲೆ ಅಡುಗೆಯವ ಬೊಂಡಾಸದ ಅವಮಾನವನ್ನು ಮರೆತ.

ಒಂದು ಎಚ್ಚರಿಕೆ. 2017ರಿಂದ ಲೈಟ್ ಫಿಶಿಂಗಿಗೆ (ದೊಡ್ಡ ದೀಪ ಹಾಕಿ ಮೀನು ಸೆಳೆದು ಹಿಡಿಯುವುದಕ್ಕೆ) ನಿಷೇಧ ಇರುವುದರಿಂದ ಬೋಟಿನಲ್ಲಿ ಜನರೇಟರ್ ಕಂಡರೆ ಯಾರಿಗಾದರೂ ಸಂಶಯ ಬರುವುದೇ. ನನ್ನನ್ನೂ ಎರಡು ಸಲ ನಿಲ್ಲಿಸಿದ್ದಾರೆ. ಚಾರ್ಜರ್, ಬ್ಯಾಟರಿ ತೋರಿಸಿ, ಒಂದೂ ದೊಡ್ಡ ಲೈಟ್ ಇಲ್ಲ ಅಂತ ಕ್ಯಾಬಿನ್ ಮೂಲೆ ಮೂಲೆ ತೆರೆದಿಟ್ಟೆ. ಎರಡನೇ ಸಲ ಬಂದವರು ತೊಟ್ಟಿಲು ನೋಡಿ ಫೋಟೋ ತೆಗೆದುಕೊಂಡು ಹೋದರು.

ಪರೀಕ್ಷೆಯಾದದ್ದು ಕಳೆದ ಡಿಸೆಂಬರಿನಲ್ಲಿ. ಗೋವಾದ ಹೊರಗೆ ಗೇರ್‌ಬಾಕ್ಸ್ ಒಡೆಯಿತು, ಅದರ ಬಡಿತಕ್ಕೆ ಶಾಫ್ಟು ಹೊರಗೆ ಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಸಡಿಲವಾಗಿ ನೀರು ಒಳಗೆ. ಎಂಜಿನ್ ಓಡಿಸಿದರೆ ಬಡಿತ ಹೆಚ್ಚು, ನೀರೂ ಹೆಚ್ಚು. ಆರಿಸಿದರೆ ಎಂಜಿನ್ ಬೆಲ್ಟಿನಿಂದ ಓಡುವ ಪಂಪೂ ಸತ್ತಿತು. ತೊಟ್ಟಿಲನ್ನು ಬಲಬದಿಗೆ ಸಿಕ್ಕಿಸಿ, ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಹಿಡಿಯಿತು. ಇನ್ನೊಂದು ಬೋಟು ಬಂದು ಹಗ್ಗ ಕೊಡುವವರೆಗೆ ಇಪ್ಪತ್ತಾರು ಗಂಟೆ. ಅಷ್ಟರಲ್ಲಿ ಯಂತ್ರ ಒಮ್ಮೆಯೂ ತಾನಾಗಿ ಆರಲಿಲ್ಲ. ನಡುವೆ ಪೆಟ್ರೋಲ್ ಹಾಕಲು ನಾವೇ ಆರಿಸಿ, ತಣಿಯಲು ಬಿಟ್ಟು, ಮತ್ತೆ ಹಚ್ಚಿದೆವು. ಬಿಸಿ ಯಂತ್ರಕ್ಕೆ ಪೆಟ್ರೋಲ್ ಸುರಿಯುವವನು ನನ್ನ ಬೋಟಿಗೆ ಬರುವುದು ಬೇಡ. ರಾತ್ರಿ ಹತ್ತಕ್ಕೆ ವೈರ್‌ಲೆಸ್‌ನಲ್ಲಿ ಬೇರೆ ಬೋಟಿನ ಮೂಲಕ ಮನೆಗೆ ಹೇಳಿ ಕಳಿಸಿದೆ: ಗೇರ್‌ಬಾಕ್ಸ್ ಹೋಗಿದೆ, ಉಳಿದದ್ದೆಲ್ಲ ಸರಿ ಉಂಟು. ಎಳೆದು ತಂದ ಬೋಟಿಗೆ ಅವರ ಡೀಸೆಲು, ಹಾಳಾದ ಎರಡು ದಿನ ಅಂತ ಅರವತ್ತೈದು ಸಾವಿರ ಕೊಟ್ಟೆ. ಆದರೆ ನೀರು ಐಸಿನವರೆಗೆ ಏರದೆ ಹಿಡಿದ ಮೀನು ಉಳಿಯಿತು.

ಪೆಟ್ರೋಲನ್ನು ಎಂದೂ ಡೆಕ್ಕಿನ ಕೆಳಗೆ ಇಳಿಸುವುದಿಲ್ಲ. ಕಬ್ಬಿಣದ ಕ್ಯಾನು, ಹಿಂಬದಿಯ ಕಟಕಟೆಗೆ ಹೊರಗಿನಿಂದ ಕಟ್ಟಿದ್ದು. ಜೂನ್, ಜುಲೈ ರಜೆಯಲ್ಲಿ ಯಂತ್ರದ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಿ ಮನೆಗೆ ಒಯ್ಯುತ್ತೇನೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಮಳೆಗಾಲದ ತೇವ ಕುಡಿದು ಎರಡು ತಿಂಗಳಲ್ಲಿ ಕಾರ್ಬ್ಯುರೇಟರಿನಲ್ಲಿ ಹಸಿರು ಪಾಚಿಯಂಥದ್ದನ್ನು ಕಟ್ಟಿಸುತ್ತದೆ. ಒಮ್ಮೆ ಹಾಗಾಗಿ ಮೂರೂವರೆ ಸಾವಿರ ತೆತ್ತಿದ್ದೇನೆ. ಕಳೆದ ಜುಲೈಯಲ್ಲಿ ಮರ ಬಿದ್ದು ಊರಿಗೆ ನಾಲ್ಕು ದಿನ ಕರೆಂಟಿರಲಿಲ್ಲ. ಒಳಗಿಟ್ಟ ಯಂತ್ರವನ್ನು ಅಂಗಳಕ್ಕೆ ತಂದು ಹಚ್ಚಿ ಮೂರು ಮನೆಯ ಫ್ರಿಜ್ಜು ಸರದಿಯಲ್ಲಿ ಓಡಿಸಿದೆ. ಪೆಟ್ರೋಲ್ ವಾಸನೆ ಅಂತ ವರ್ಷವಿಡೀ ಗೊಣಗಿದ ಹೆಂಡತಿಯೇ ಅಂದು ನೆರೆಮನೆಯವರಿಗೆ "ನಮ್ಮ ಜನರೇಟರ್" ಅಂದದ್ದನ್ನು ನಾನು ಕಿವಿಯಾರೆ ಕೇಳಿದೆ.