ಬಾಹ್ಯಾಕಾಶದ ಕಾರ್ಟೂನ್ ನೋಡಿದ್ದಾಯ್ತು, ವಿಮರ್ಶೆ ಬರೆಯೋದು ಹೇಗೆ?

ಸಾಲಗಾಮೆ ರಸ್ತೆಯ ದೊಡ್ಡ ಡಿಶ್ ಆಂಟೆನಾಗಳು ಹಾಸನದವರಿಗೆ ಹೊಸದೇನಲ್ಲ. ಅದು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಇಂಥ ಊರಿನ ಹುಡುಗ ಹುಡುಗಿಯರು ಸೈನ್ಸ್ ಫಿಕ್ಷನ್ ಅನಿಮೇಷನ್ ಸರಣಿ ನೋಡಿ, 'ಸೂಪರ್', 'ಬೋರು' ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ನನಗೆ ಬೇಜಾರಾಗುತ್ತದೆ. ಇಪ್ಪತ್ತೆರಡು ನಿಮಿಷದ ಒಂದು ಎಪಿಸೋಡಿನಲ್ಲಿ ಒಂದು ಪುಟ ಬರೆಯುವಷ್ಟು ಸರಕು ಇದ್ದೇ ಇರುತ್ತದೆ. ಅದನ್ನು ಹುಡುಕುವ ದಾರಿ ಇಲ್ಲಿದೆ.

ಎರಡು ಸಲ ನೋಡಿ

ಮೊದಲ ಸಲ ಸುಮ್ನೆ ನೋಡಿ. ಪೆನ್ನು, ಫೋನು ಎರಡೂ ದೂರ ಇರಲಿ. ಎಲ್ಲಿ ನಕ್ಕಿರಿ, ಎಲ್ಲಿ ಗಂಟಲು ಕಟ್ಟಿತು, ಎಲ್ಲಿ ಆಕಳಿಕೆ ಬಂತು ಅನ್ನೋದು ಮುಗಿದ ಮೇಲೂ ನೆನಪಿರುತ್ತದೆ. ಅಷ್ಟನ್ನು ಬರೆದಿಡಿ. ಎರಡನೇ ಸಲ ನೋಟ್‌ಬುಕ್ ಹಿಡಿದು, ಬೇಕಾದಲ್ಲಿ ನಿಲ್ಲಿಸಿ ನೋಡಿ. ಮುಖ್ಯ ದೃಶ್ಯ ಎಷ್ಟನೇ ನಿಮಿಷದಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಂಡರೆ ಆಮೇಲೆ ಹುಡುಕಾಟ ತಪ್ಪುತ್ತದೆ.

ಕಥೆಯ ನಿಯಮ ಯಾವುದು?

ನನ್ನ ಪ್ರಕಾರ ಇಡೀ ವಿಮರ್ಶೆ ನಿಂತಿರುವುದು ಇದರ ಮೇಲೆ. ಸೈನ್ಸ್ ಫಿಕ್ಷನ್ ಕಥೆ 'ಹೀಗಾದರೆ ಏನಾಗುತ್ತೆ?' ಅಂತ ಒಂದು ಪ್ರಶ್ನೆ ಕೇಳುತ್ತದೆ. ಜೊತೆಗೆ ತನಗೆ ತಾನೇ ಒಂದು ನಿಯಮ ಹಾಕಿಕೊಳ್ಳುತ್ತದೆ. ಆ ನಿಯಮವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯೋಕೆ ಆಗುತ್ತಿಲ್ಲ ಅಂದರೆ ಇನ್ನೊಮ್ಮೆ ನೋಡಬೇಕು, ಇಲ್ಲವೇ ಕಥೆಯೇ ಗೊಂದಲದಲ್ಲಿದೆ.

'ಫ್ಯೂಚುರಾಮಾ' ಸರಣಿಯಲ್ಲಿ 2010ರಲ್ಲಿ ಬಂದ 'ದಿ ಪ್ರಿಸನರ್ ಆಫ್ ಬೆಂಡಾ' ಎಪಿಸೋಡನ್ನೇ ನೋಡಿ. ಇಬ್ಬರ ಮನಸ್ಸನ್ನು ಅದಲು ಬದಲು ಮಾಡುವ ಯಂತ್ರ ಅಲ್ಲಿದೆ. ಆದರೆ ಒಮ್ಮೆ ಬದಲಾದ ಅದೇ ಎರಡು ದೇಹಗಳ ನಡುವೆ ಮತ್ತೆ ಬದಲಿ ಮಾಡೋಕೆ ಆಗಲ್ಲ. ಒಬ್ಬರಾದ ಮೇಲೆ ಒಬ್ಬರು ಸಿಕ್ಕಿಹಾಕಿಕೊಳ್ಳುತ್ತಾರೆ. ಕಥೆ ಬರೆದ ಕೆನ್ ಕೀಲರ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಎಷ್ಟೇ ಜನ ಅದಲು ಬದಲಾಗಿದ್ದರೂ ಹೊಸಬರು ಇಬ್ಬರು ಸೇರಿದರೆ ಎಲ್ಲರೂ ತಮ್ಮ ದೇಹಕ್ಕೆ ಮರಳಬಹುದು ಅಂತ ಅವರು ಗಣಿತದಲ್ಲೇ ಸಾಧಿಸಿ ತೋರಿಸಿದರು. ಆ ಪ್ರೂಫ್ ಎಪಿಸೋಡಿನಲ್ಲೇ ಬೋರ್ಡಿನ ಮೇಲೆ ಕಾಣುತ್ತದೆ. ಕಷ್ಟ ತಂದದ್ದೂ ನಿಯಮವೇ, ಬಿಡಿಸಿದ್ದೂ ಅದೇ. ಎಷ್ಟು ಚೆಂದ ಅಲ್ವಾ! ಹಾಗಲ್ಲದೆ, ಕೊನೆಯ ನಿಮಿಷದಲ್ಲಿ ಎಲ್ಲಿಂದಲೋ ಹೊಸ ಯಂತ್ರವೊಂದು ಬಂದು ಎಲ್ಲರನ್ನೂ ಉಳಿಸಿದರೆ ಅದನ್ನು ನೇರವಾಗಿ ಬರೆಯಿರಿ.

ಇನ್ನು ನಿಜವಾದ ವಿಜ್ಞಾನ. ಭೂಮಿಯಿಂದ ಮಂಗಳಕ್ಕೆ ರೇಡಿಯೊ ಸಂದೇಶ ತಲುಪಲು ಗ್ರಹಗಳ ದೂರ ನೋಡಿಕೊಂಡು ಸುಮಾರು 3ರಿಂದ 22 ನಿಮಿಷ ಬೇಕು. ಪಾತ್ರಗಳು ಮಂಗಳದಿಂದ ಮನೆಗೆ ಫೋನ್ ಮಾಡಿದ ಹಾಗೆ ಹರಟಿದರೆ ಅದು ತಪ್ಪೇ? ಹಾಸ್ಯದ ಸರಣಿಯಾದರೆ ಬಿಟ್ಟುಬಿಡಿ. ಆದರೆ ಸಂದೇಶ ತಡವಾಗಿದ್ದಕ್ಕೇ ಒಬ್ಬ ಸತ್ತ ಅಂತ ತೋರಿಸಿ, ಹತ್ತು ನಿಮಿಷ ಬಿಟ್ಟು ಅದೇ ಜಾಗದಿಂದ ತಕ್ಷಣ ಉತ್ತರ ಬಂದರೆ ಬಿಡಬೇಡಿ. ವಿಜ್ಞಾನ ಸ್ವಲ್ಪ ಸಡಿಲವಾದರೂ ಕಥೆ ಬದುಕುತ್ತದೆ. ತನ್ನ ಮಾತನ್ನು ತಾನೇ ಮುರಿದರೆ ಬದುಕಲ್ಲ.

ಚಿತ್ರಿಸಿದ್ದೆಲ್ಲ ಯಾರೋ ಬೇಕೆಂದೇ ಚಿತ್ರಿಸಿದ್ದು

ನಮ್ಮಲ್ಲಿ ಬಹಳ ಜನ ಕಥೆ ಬಗ್ಗೆ ಬರೆದು ಚಿತ್ರವನ್ನೇ ಮರೆಯುತ್ತಾರೆ. ಕ್ಯಾಮೆರಾಗೆ ಅಕಸ್ಮಾತ್ ಒಂದು ಹಕ್ಕಿ ಸಿಗಬಹುದು. ಅನಿಮೇಷನ್‌ನಲ್ಲಿ ಹಕ್ಕಿ ಹಾರಿದರೆ ಯಾರೋ ಕೂತು ಅದನ್ನು ಮಾಡಿರುತ್ತಾರೆ. ಹಾಗಾಗಿ 'ಇದು ಯಾಕಿದೆ?' ಅಂತ ಧೈರ್ಯವಾಗಿ ಕೇಳಿ. ಬೇರೆ ಗ್ರಹದ ಆಕಾಶದ ಬಣ್ಣ, ಹಡಗಿನೊಳಗಿನ ಕೊಳೆ, ಪಾತ್ರದ ನೆರಳು ಎಲ್ಲವನ್ನೂ ನೋಡಿ. ಸಕಲೇಶಪುರದ ಜುಲೈ ಮಳೆಯಲ್ಲಿ ನೆಂದವರು ನೀವು. ಅನ್ಯಗ್ರಹದ ಮಳೆಗೆ ತೂಕ ಇದೆಯೋ ಇಲ್ಲವೋ ಅಂತ ನಿಮಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಚಲನೆ ಗಮನಿಸುವಾಗ ಒಂದು ವಿಷಯ ಗೊತ್ತಿರಲಿ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ (ಒಂದೊಂದು ಬಿಡಿ ಚಿತ್ರ) ಓಡಿದರೂ ಅಷ್ಟೂ ಹೊಸ ಚಿತ್ರ ಇರಲೇಬೇಕೆಂದಿಲ್ಲ. ಖರ್ಚು ಉಳಿಸಲು 12 ಅಥವಾ 8 ಚಿತ್ರದಲ್ಲೇ ಮುಗಿಸುವುದುಂಟು. 1973ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಅನಿಮೇಷನ್ ಸರಣಿಯ 22 ಎಪಿಸೋಡುಗಳಲ್ಲಿ ಅದೇ ಮುಖ, ಅದೇ ಓಟ ಮತ್ತೆ ಮತ್ತೆ ಬರುತ್ತದೆ. ಆದರೆ ಮೂರು ಕೈ, ಮೂರು ಕಾಲಿನ ಅಧಿಕಾರಿಯನ್ನು ಹಡಗಿನಲ್ಲಿ ಕೂರಿಸಲು ಸಾಧ್ಯವಾಗಿದ್ದೂ ಅದು ಚಿತ್ರವಾಗಿದ್ದರಿಂದಲೇ. ಎರಡನ್ನೂ ಹೇಳಿದರೆ ಮಾತ್ರ ನ್ಯಾಯ.

ಸಂಗೀತ, ದನಿ ಬಗ್ಗೆ ಎರಡು ಸಾಲು ಸಾಕು. ಡಬ್ ಆದದ್ದು ನೋಡಿದಿರೋ, ಮೂಲ ಭಾಷೆಯದ್ದೋ ಅಂತ ಮಾತ್ರ ತಪ್ಪದೆ ತಿಳಿಸಿ.

ಈಗ ಬರೆಯಿರಿ

ಸರಣಿಯ ಹೆಸರು, ಸೀಸನ್, ಎಪಿಸೋಡ್ ಸಂಖ್ಯೆ, ಬಂದ ವರ್ಷ ಮೇಲೆಯೇ ಇರಲಿ. ಕಥೆ ಮೂರ್ನಾಲ್ಕು ವಾಕ್ಯಕ್ಕಿಂತ ಜಾಸ್ತಿ ಬೇಡ. ಅರ್ಧದವರೆಗೆ ಹೇಳಿ ನಿಲ್ಲಿಸಿ. ಗುಟ್ಟು ಬಿಟ್ಟುಕೊಡಲೇಬೇಕಾದರೆ ಮೊದಲೇ ಎಚ್ಚರಿಕೆ ಹಾಕಿ. ಆಮೇಲೆ ನಿಯಮ, ಚಿತ್ರ, ನಿಮ್ಮ ಅಭಿಪ್ರಾಯ. ಒಂದೊಂದು ಅಭಿಪ್ರಾಯಕ್ಕೂ ಒಂದು ದೃಶ್ಯದ ಆಧಾರ ಕೊಡಿ. ಸ್ಟಾರ್ ಕೊಡುವ ಆಸೆಯಿದ್ದರೆ ಎಲ್ಲ ಬರೆದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಬರಹ ಅದಕ್ಕೆ ತಕ್ಕಂತೆ ಬಾಗುತ್ತದೆ.

ಮುಗಿದ ಮೇಲೆ ಆ ಎಪಿಸೋಡ್ ನೋಡದ ಗೆಳೆಯರೊಬ್ಬರಿಗೆ ಓದಲು ಕೊಡಿ. ಅವರು 'ಯಂತ್ರ ಯಾಕೆ ಕೆಲಸ ಮಾಡಲಿಲ್ಲ?' ಅಂತ ಕೇಳಿದರೆ ನಿಯಮ ಸರಿಯಾಗಿ ವಿವರಿಸಿಲ್ಲ ಅಂತ ಅರ್ಥ. ಆ ಪ್ಯಾರಾ ಒಂದನ್ನೇ ತಿದ್ದಿ.